ಬಾವಿಯವರೆಗೆ ಮಾವನ ಜೊತೆ

ಮೊನ್ನೆ ಡಾಕ್ಟರ ಹತ್ತಿರ ಹೋಗಿ ಬಂದ ನನ್ನ ಮಗ ಒಂದು ಕಾಗದ ತಂದು ಕನ್ನಡಿಯ ಪಕ್ಕದ ಗೋಡೆಗೆ ಅಂಟಿಸಿದ್ದಾನೆ. ನಮ್ಮ ಊರು ಮಹಾರಾಷ್ಟ್ರದೊಳಗಿನದು, ಹಾಗಾಗಿ ಮರಾಠಿಯಲ್ಲಿ ಅಚ್ಚಾದ ಕಾಗದ. ಬಿಡುವಿಲ್ಲದೆ ದುಡಿಯುವ ಗಂಡಸರು ಮೈ ಕಾಪಾಡಿಕೊಳ್ಳಲು ಹತ್ತು ಸರಳ ಅಭ್ಯಾಸಗಳಂತೆ. ಬೇಗ ಏಳಿ, ಅರ್ಧ ತಾಸು ನಡೆಯಿರಿ, ಚಹಾ ಕಡಿಮೆ ಮಾಡಿ, ಕೂತಲ್ಲೇ ಕೂತಿರಬೇಡಿ. ಗಡ್ಡ ಮಾಡಿಕೊಳ್ಳುವಾಗ ದಿನಾಲೂ ಕಣ್ಣಿಗೆ ಬೀಳಲಿ ಎಂದು ಅಲ್ಲಿ ಅಂಟಿಸಿದನಂತೆ. ಅವನ ಕಣ್ಣಿಗೆ ಬಿದ್ದಿತೋ ಇಲ್ಲವೋ, ನನ್ನ ಕಣ್ಣಿಗೆ ಮಾತ್ರ ದಿನಕ್ಕೆ ನಾಲ್ಕು ಸಲ ಬೀಳುತ್ತದೆ. ನಾಲ್ಕೂ ಸಲ ಸಿಟ್ಟು ಬರುತ್ತದೆ.

ಸಿಟ್ಟು ಬರುವುದು ಆ 'ಸರಳ' ಎಂಬ ಮಾತಿಗೆ. ಬರೆದ ಪುಣ್ಯಾತ್ಮ ಎಂದಾದರೂ ಜತ್ತದಂಥ ಊರಿನಲ್ಲಿ ಅಂಗಡಿ ಇಟ್ಟುಕೊಂಡು ಕೂತಿದ್ದನೇ? ನಾನು ಕೂತಿದ್ದೆ. ಮೂವತ್ನಾಲ್ಕನೆಯ ವಯಸ್ಸಿಗೆ ಬೇಗ ಎದ್ದು ಅರ್ಧ ತಾಸು ನಡೆಯಲು ಹೋಗಿ ಏನೇನು ಪಾಡು ಪಟ್ಟೆ ಎಂಬುದನ್ನು ಆ ಕಾಗದದ ಹಿಂಬದಿಯಲ್ಲಿ ಬರೆದರೆ ಜಾಗ ಸಾಲದು. ಆದ್ದರಿಂದ ನಿಮಗೆ ಹೇಳುತ್ತೇನೆ. ನಿಮಗೆ ಸ್ವಲ್ಪ ಪುರುಸೊತ್ತು ಇದೆ ಎಂದು ತಿಳಿದುಕೊಂಡಿದ್ದೇನೆ.

ನಮ್ಮದು ಜವಳಿ ಅಂಗಡಿ. ಆಗ ಅಂಗಡಿಯಲ್ಲಿ ಖುರ್ಚಿ ಟೇಬಲು ಇರಲಿಲ್ಲ. ನೆಲದ ಮೇಲೆ ದಪ್ಪ ಗಾದಿ, ಅದರ ಮೇಲೆ ಬಿಳಿ ಹಾಸು, ಬೆನ್ನಿಗೆ ಲೋಡು. ಬೆಳಿಗ್ಗೆ ಪೂಜೆ, ನಾಷ್ಟಾ ಮುಗಿಸಿ ಅದರ ಮೇಲೆ ಕಾಲು ಮಡಚಿ ಕೂತರೆ ಮಧ್ಯಾಹ್ನ ಊಟಕ್ಕೆ ಏಳುವುದು, ಮತ್ತೆ ಕೂತರೆ ದೀಪ ಹಚ್ಚುವ ಹೊತ್ತಿಗೆ ಏಳುವುದು. ಧೋತರ, ಇಳಕಲ್ಲ ಸೀರೆ, ಖಣ, ಮಾದರಪಾಟು, ಎಲ್ಲವೂ ಕೈ ಚಾಚಿದರೆ ಸಿಗುವ ಹಾಗೆ ಜೋಡಿಸಿಕೊಳ್ಳುವುದೇ ಅಂಗಡಿಕಾರನ ಜಾಣತನ. ಬಟ್ಟೆ ಅಳೆಯುವ ಕಬ್ಬಿಣದ ಗಜ ತೊಡೆಯ ಪಕ್ಕದಲ್ಲೇ ಇರುತ್ತಿತ್ತು. ಗಾದಿ ಬಿಟ್ಟು ಏಳುವುದೆಂದರೆ ಸಣ್ಣ ಮಾತಲ್ಲ. ಮಾಮಲೇದಾರರು ಬಂದರೆ ಏಳಬೇಕು, ಮಠದ ಸ್ವಾಮಿಗಳು ಬಂದರೆ ಏಳಬೇಕು, ಉಳಿದವರಿಗೆ ಕೂತಲ್ಲಿಂದಲೇ "ಬರ್ರಿ, ಕುಂದ್ರಿ" ಅಂದರೆ ಸಾಕು. ದಿನಕ್ಕೆ ಹತ್ತು ಸಲ ಚಹಾ ಬರುತ್ತಿತ್ತು, ಚಹಾದ ಜೊತೆ ಭಜಿ ಬರುತ್ತಿತ್ತು. ನನ್ನ ಹೊಟ್ಟೆಯೂ ಅಂಗಡಿಯ ಜೊತೆಗೇ ಬೆಳೆಯಿತು, ಮತ್ತು ನಾನು ಅದನ್ನು ಏಳಿಗೆಯೆಂದೇ ತಿಳಿದಿದ್ದೆ.

ನನ್ನ ಹೆಂಡತಿ ಶಾಂತವ್ವ ಹಾಗೆ ತಿಳಿಯಲಿಲ್ಲ. ಅವಳಿಗೆ ಕಾರಣವಿತ್ತು. ಅವಳ ಅಣ್ಣ ಗುರಪ್ಪನೂ ಹೀಗೆಯೇ ಅಂಗಡಿ ಇಟ್ಟುಕೊಂಡು ಗಾದಿಯ ಮೇಲೆ ಕೂತವನು. ಬಾಲಗಾಂವದ ಒಕ್ಕಲುತನದ ಮನೆಯಲ್ಲಿ ಹುಟ್ಟಿ, ಮಣ್ಣು ಬೇಡ ವ್ಯಾಪಾರ ಬೇಕು ಎಂದು ಪೇಟೆಗೆ ಬಂದವನು. ಮೂವತ್ತಾರನೆಯ ವಯಸ್ಸಿಗೆ, ಒಂದು ಮುಂಜಾನೆ ಅಂಗಡಿಯ ಬಾಗಿಲು ತೆಗೆದು, ಏದುಸಿರು ಬಿಡುತ್ತ ಗಾದಿಯ ಮೇಲೆ ಕೂತವನು ಮತ್ತೆ ಏಳಲಿಲ್ಲ. ಅವನು ಹೋಗಿ ವರ್ಷ ತುಂಬಿರಲಿಲ್ಲ, ನಾನು ನಮ್ಮ ಅಂಗಡಿಯ ಮೂರು ಮೆಟ್ಟಿಲು ಹತ್ತಿದ ಮೇಲೆ ಬಾಗಿಲ ಚೌಕಟ್ಟು ಹಿಡಿದು ನಿಲ್ಲತೊಡಗಿದೆ. ಅದನ್ನು ಶಾಂತವ್ವ ನೋಡಿದಳು. ಅಂದಿನಿಂದ ನಾನು ಮನೆಗೆ ಬಂದರೆ ಅವಳು ನನ್ನ ಮುಖ ನೋಡುತ್ತಿರಲಿಲ್ಲ, ಎದೆ ನೋಡುತ್ತಿದ್ದಳು.

"ದಿನಾ ಮುಂಜಾನಿ ಒಂದೀಟ ಅಡ್ಡಾಡಿ ಬರ್ರಿ" ಅಂದಳು.

"ಪುರುಸೊತ್ತ ಎಲ್ಲೈತಿ?" ಅಂದೆ.

ಆಮೇಲೆ ಅವಳು ಅತ್ತಳು. ಅತ್ತ ಮೇಲೆ ಪುರುಸೊತ್ತು ಸಿಕ್ಕಿತು.

ಮರುದಿನ ಬೆಳಕು ಹರಿಯುವಾಗ ಹೊರಟೆ. ನಿಮಗೆ ಗೊತ್ತಿರಲಿ, ಆ ಕಾಲದ ಜತ್ತದಲ್ಲಿ ಕಾರಣವಿಲ್ಲದೆ ಯಾರೂ ನಡೆಯುತ್ತಿರಲಿಲ್ಲ. ಹೊಲಕ್ಕೆ ನಡೆಯಬಹುದು, ನೀರಿಗೆ ನಡೆಯಬಹುದು, ಗುಡ್ಡಾಪುರದ ದಾನಮ್ಮನಿಗೆ ಹರಕೆ ಹೊತ್ತು ನಡೆಯಬಹುದು. ಸುಮ್ಮನೆ ನಡೆಯುವುದೆಂಬುದು ಇರಲಿಲ್ಲ. ಓಣಿಯ ತುದಿ ಮುಟ್ಟುವುದರೊಳಗೆ ಐದು ಮಂದಿ "ಎಲ್ಲಿಗೆ ಹೊಂಟೀರಿ ಸಾವಕಾರ್ರ?" ಎಂದು ಕೇಳಿದರು. "ಎಲ್ಲಿಗೂ ಇಲ್ಲ" ಅಂದೆ. ಹಾಗನ್ನಬಾರದಿತ್ತು. ಎಲ್ಲಿಗೂ ಇಲ್ಲದ ಕಡೆಗೆ ಒಬ್ಬ ಜವಳಿ ವ್ಯಾಪಾರಿ ನಸುಕಿನಲ್ಲಿ ಹೋಗುತ್ತಾನೆಂದರೆ ಅದರಲ್ಲಿ ಏನೋ ಇದೆ ಎಂದು ಊರು ತೀರ್ಮಾನಿಸಿತು. ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದು ಎರಡು ವರ್ಷವಾಗಿತ್ತು, ಎಲ್ಲರ ಬಾಯಲ್ಲೂ ಮುಂದೆ ಬರುವ ಚುನಾವಣೆಯದೇ ಮಾತು. ನಾನು ಓಣಿ ಓಣಿ ತಿರುಗಿ ಎಲ್ಲರಿಗೂ ನಮಸ್ಕಾರ ಹೇಳುತ್ತಿದ್ದುದಕ್ಕೆ ನಾಲ್ಕನೆಯ ದಿನ ಅರ್ಥ ಸಿಕ್ಕಿತು. ಇಬ್ಬರು ಹಿರಿಯರು ಅಂಗಡಿಗೆ ಬಂದು, ನಾನು ಯಾವ ಪಕ್ಷ ಎಂದು ತಗ್ಗಿದ ದನಿಯಲ್ಲಿ ವಿಚಾರಿಸಿದರು. ಐದನೆಯ ದಿನ ನಾನು ಮುಸುಕು ಹಾಕಿಕೊಂಡು ಮಲಗಿದೆ. ಹೆಂಡತಿ ಅತ್ತರೂ ಏಳಲಿಲ್ಲ. ನನಗೆ ಒಳಗೊಳಗೇ ಖುಷಿಯೂ ಆಗಿತ್ತು.

ಆ ಖುಷಿ ಹದಿನೈದು ದಿನ ಬಾಳಿತು. ಜೋಳದ ರಾಶಿ ಮುಗಿಸಿಕೊಂಡು, ಯುಗಾದಿಯ ಮಗ್ಗುಲಿಗೆ, ಬಾಲಗಾಂವದಿಂದ ನನ್ನ ಮಾವ ಬಂದರು.

ಮಾವ ಬಡಕಲು ದೇಹದ, ಎತ್ತರದ ಮುದುಕ. ಹಣೆಯ ತುಂಬ ವಿಭೂತಿ, ತಲೆಗೆ ದೊಡ್ಡ ರುಮಾಲು, ಮಾತು ಕಡಿಮೆ. ನಮ್ಮ ಕಡೆ ಹೆಣ್ಣು ಕೊಟ್ಟವರು ಅಳಿಯನಿಗೆ ಇಂಥದು ಮಾಡು ಎಂದು ಹೇಳುವ ಪದ್ಧತಿ ಇಲ್ಲ. ಅಳಿಯ ಕೆರೆಗೆ ಬೀಳುತ್ತಿದ್ದರೂ "ನೀರು ಆಳ ಐತೇನೋ ನೋಡ್ರಿ" ಅನ್ನುವಷ್ಟು ಮರ್ಯಾದೆ. ಆದ್ದರಿಂದ ನಾನು ಎದುರಿಗೇ ಕೂತಿರುವಾಗ ಮಾವ ಗೋಡೆ ನೋಡುತ್ತ ಮಗಳಿಗೆ ಹೇಳುತ್ತಿದ್ದರು.

"ಶಾಂತವ್ವ, ನಿಮ್ಮವರಿಗೆ ಭಜಿ ಭಾಳ ಸೇರ್ತಾವೇನವ್ವ?"

"ಹೂಂನಪ್ಪ."

"ರೊಟ್ಟಿ, ಕಾಳಪಲ್ಲೆ ಸೇರೂದಿಲ್ಲೇನು?"

ಮರುದಿನದಿಂದ ತಾಟಿಗೆ ಬರೀ ರೊಟ್ಟಿ, ಕಾಳಪಲ್ಲೆ. "ಚಾ ಬಶಿ ತುಂಬ ಕುಡೀತಾರಲ್ಲವ್ವ, ಹೊಟ್ಟಿ ಉರಿಯೂದಿಲ್ಲೇನು?" ಅಂದರು. ಮರುದಿನದಿಂದ ಬಶಿಯ ತಳ ಕಾಣುವಷ್ಟು ಚಹಾ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಜಗಳವಾಡೋಣವೆಂದರೆ ಅವರು ನನ್ನ ಜೊತೆ ಮಾತನ್ನೇ ಆಡಿಲ್ಲ!

ಒಂದು ವಾರ ಕಳೆದ ಮೇಲೆ ಮೊದಲ ಸಲ ನೇರವಾಗಿ ನನ್ನ ಹತ್ತಿರ ಬಂದರು. ತಲೆ ತಗ್ಗಿಸಿ ನಿಂತರು.

"ಅಳಿಯಾರ, ಒಂದ ಮಾತ ಕೇಳಲ್ರಿ? ನನ್ನ ಕಣ್ಣ ಮಂಜ ಆಗ್ಯಾವ. ಮುಂಜಾನಿ ಬಯಲಿನ ಗಾಳಿ ಕಣ್ಣಿಗೆ ಚಲೋ ಅಂತ ವೈದ್ಯಾ ಹೇಳ್ಯಾನ. ಯಳವಿ ಊರ ದಾರ್ಯಾಗಿನ ಬಾವೀತನಕ ಹೋಗಿ ಬರಬೇಕಂತೀನಿ. ಒಬ್ಬನ ಹೋದ್ರ ಎಲ್ಲಿ ಎಡವತೀನೋ. ನಿಮಗ ಪುರುಸೊತ್ತ ಇದ್ರ..."

ಹೆಣ್ಣು ಕೊಟ್ಟ ಮಾವ, ಹಿರಿಯ ಮಗನನ್ನು ಮಣ್ಣು ಮಾಡಿ ಬಂದವರು, ಕಣ್ಣು ಕಾಣುವುದಿಲ್ಲ ಎಂದು ಕೈ ಚಾಚಿದರೆ ಪುರುಸೊತ್ತಿಲ್ಲ ಅನ್ನುವ ಅಳಿಯ ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಹಲ್ಲು ಕಚ್ಚಿಕೊಂಡು "ಆತ್ರಿ ಮಾವಾರ" ಅಂದೆ.

ಹೋಗುವುದಕ್ಕೆ ಒಂದು ಮೈಲಿ, ಬರುವುದಕ್ಕೆ ಒಂದು ಮೈಲಿ. ಮಾವನ ಕೈ ನನ್ನ ಮಣಿಕಟ್ಟಿನ ಮೇಲೆ. ಕಣ್ಣು ಕಾಣದ ಮನುಷ್ಯ ನಿಧಾನ ನಡೆಯಬೇಕಲ್ಲವೇ? ಇವರು ನನ್ನನ್ನು ಎಳೆದುಕೊಂಡು ಹೋಗುತ್ತಿದ್ದರು. ಬೇವಿನ ಮರದ ಹತ್ತಿರ ಬಂದಾಗ ನನ್ನ ಬಾಯಿ ಒಣಗಿ ಹಲಗೆಯಾಗುತ್ತಿತ್ತು. "ಸ್ವಲ್ಪ ನಿಲ್ರಿ ಮಾವಾರ, ನಿಮಗ ದಣಿವಾಗಿರಬೇಕು" ಅನ್ನುತ್ತಿದ್ದೆ. "ಹೌದ್ರಿ, ಭಾಳ ದಣಿವಾತು" ಎಂದು ಅವರು ನಿಲ್ಲುತ್ತಿದ್ದರು. ನಿಂತು ಏನನ್ನೋ ಆಲಿಸುವವರ ಹಾಗೆ ತಲೆ ಓರೆ ಮಾಡುತ್ತಿದ್ದರು. ಹಕ್ಕಿಯ ದನಿ ಕೇಳುತ್ತಿರಬಹುದೆಂದು ತಿಳಿದಿದ್ದೆ. ಒಮ್ಮೆ, "ಆ ಕಂದು ಹೋರಿ ಎಡಗಾಲು ಕುಂಟಾಕತ್ತೈತಿ, ಲಾಳ ಸಡ್ಲಾಗೈತಿ ನೋಡ್ರಿ" ಅಂದರು. ಹೋರಿ ಎರಡು ಹೊಲದಾಚೆ ಇತ್ತು. ಒಕ್ಕಲಿಗರು ಗೊರಸಿನ ಸಪ್ಪಳದಲ್ಲೇ ಬಣ್ಣವನ್ನೂ ತಿಳಿಯುತ್ತಾರೆ ಎಂದು ಬೆರಗಾದೆನೇ ಹೊರತು, ಈ ಬುದ್ಧಿಗೇಡಿ ತಲೆಗೆ ಬೇರೇನೂ ಹೊಳೆಯಲಿಲ್ಲ. ಬಟ್ಟೆಯ ಒಂದು ಎಳೆ ನೋಡಿ ಯಾವ ಗಿರಣಿಯದು ಎಂದು ಹೇಳುವ ವ್ಯಾಪಾರಿ ನಾನು!

ಊರಿನ ಬಾಯಿ ಮಾತ್ರ ಮುಚ್ಚಿತು. "ಎಲ್ಲಿಗೆ?" ಎಂದು ಕೇಳುವವರಿಗೆ ಉತ್ತರ ನನ್ನ ಕೈ ಹಿಡಿದು ನಡೆಯುತ್ತಿತ್ತು. "ಮಾವನ್ನ ಹೆಂಗ ನೋಡ್ಕೋತಾರ ನೋಡ್ರಿ" ಎಂದು ಹೆಂಗಸರು ಹೊಗಳತೊಡಗಿದರು. ಹೊಗಳಿಕೆ ಕೇಳಿದಷ್ಟೂ ನನಗೆ ಕಿರಿಕಿರಿ. ಬೆಳಗಿನ ನಿದ್ದೆ ಹೋಯಿತು, ಭಜಿ ಹೋಯಿತು, ಈಗ ಸಿಟ್ಟಾಗುವ ಹಕ್ಕೂ ಹೋಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ಮಧ್ಯಾಹ್ನ ಮಾವ ಅಂಗಡಿಗೆ ಬಂದು ಕೂಡುತ್ತಿದ್ದರು. "ಕೈ ಖಾಲಿ ಕುಂದ್ರಾಕ ಬ್ಯಾಸರ" ಎಂದು ಸಾಮಾನು ಎತ್ತಿಡುತ್ತಿದ್ದರು. ಕಣ್ಣು ಕಾಣದವರು ಎತ್ತಿಟ್ಟರೆ ಹೇಗಿರುತ್ತದೆ? ಗಜ ಹೋಗಿ ಬಾಗಿಲ ಹತ್ತಿರದ ಗೂಟಕ್ಕೆ ನೇತಾಡುತ್ತಿತ್ತು, ಧೋತರದ ಗಂಟು ಮೇಲಿನ ಹಲಗೆಗೆ ಏರುತ್ತಿತ್ತು. ಗಿರಾಕಿ ಬಂದಾಗಲೆಲ್ಲ ನಾನು ಗಾದಿ ಬಿಟ್ಟು ಏಳಬೇಕು. ಒಬ್ಬ ಕುರುಬರ ಮುದುಕ ಒಂದು ಗಜ ಮಾದರಪಾಟು ಕೇಳಲು ಬಂದವನು, ನಾನು ಎದ್ದದ್ದನ್ನು ನೋಡಿ ಗಾಬರಿಯಾಗಿ ಕಂಬಳಿ ಸರಿಮಾಡಿಕೊಂಡು ಕೈ ಮುಗಿದ. "ನನಗ್ಯಾಕ ಏಳ್ತೀರಿ ಸಾವಕಾರ್ರ, ನಾ ಅಂಥವ ಅಲ್ರಿ" ಅಂದ. ಅದೇ ಹೊತ್ತಿಗೆ ಹಿಂದೆ ನಿಂತಿದ್ದ ಒಂದು ಹಳ್ಳಿಯ ಪಾಟೀಲರು, ಕುರುಬನಿಗೂ ಎದ್ದವನು ತಮಗೂ ಎದ್ದದ್ದರಲ್ಲಿ ಏನು ಹೆಚ್ಚು ಎಂದು ಮುಖ ದಪ್ಪ ಮಾಡಿಕೊಂಡು ಹೋದರು. ಅವರ ಮನೆಯ ಮದುವೆಯ ಜವಳಿ ಆ ವರ್ಷ ಬೇರೆ ಅಂಗಡಿಗೆ ಹೋಯಿತು. ನಾನು ಮಾವನ ಕಡೆ ನೋಡಿದೆ. ಅವರು ಕಣ್ಣು ಮುಚ್ಚಿಕೊಂಡು ಶಿವನಾಮ ಹೇಳುತ್ತಿದ್ದರು.

ಹೀಗೆ ಆರು ತಿಂಗಳು. ಹಿಂಗಾರಿ ಬಿತ್ತನೆ ಹತ್ತಿರ ಬಂದಾಗ ಮಾವ, ಕಣ್ಣು ಈಗ ಚಲೋ ಆಗಿವೆ, ದಾನಮ್ಮ ಕೊಟ್ಟಳು, ದಾರಿಯಲ್ಲಿ ಗುಡ್ಡಾಪುರಕ್ಕೆ ಇಳಿದು ಕಾಯಿ ಒಡೆಸಿಕೊಂಡು ಹೋಗುತ್ತೇನೆ ಎಂದು ಹೇಳಿ ಮೋಟಾರು ಹತ್ತಿದರು. ಅಂಗಡಿಗೆ ವಾಪಸು ಬಂದ ನಾನು ಗಾದಿಯ ಮೇಲೆ ಕೂತು, ಕಾಲು ಚಾಚಿ, ಬಶಿ ತುಂಬ ಚಹಾ ತರಿಸಿದೆ. ಬಿಡುಗಡೆಯಾಯಿತು ಎಂದು ಗಟ್ಟಿಯಾಗಿಯೇ ಅಂದೆ.

ನಮ್ಮ ಅಂಗಡಿಯ ಕಟ್ಟೆಯ ಮೇಲೆ ಹೊಲಿಗೆಯ ಮಷೀನು ಇಟ್ಟುಕೊಂಡಿದ್ದ ಮಕ್ತುಮಸಾಬ ಅಂದು ಸಂಜೆ ಒಳಗೆ ಇಣುಕಿದ. ವಯಸ್ಸಾದವನು, ಒಳ್ಳೆಯವನು, ಬಾಯಲ್ಲಿ ಯಾವ ಗುಟ್ಟೂ ನಿಲ್ಲದವನು.

"ಸಾವಕಾರ್ರ, ಹಿರ್ಯಾರು ಹೋದ್ರಲ್ರಿ, ನನಗ ಭಾಳ ಅಡಚಣಿ ಆತು."

"ನಿನಗೇನೋ ಅಡಚಣಿ?"

"ದಿನಾ ನನ್ನ ಸೂಜ್ಯಾಗ ದಾರಾ ಪೋಣಿಸಿ ಕೊಡಾವ್ರು ಅವರ ಅಲ್ಲೇನ್ರಿ? ನನ್ನ ಕಣ್ಣ ಸೂಕ್ಷ್ಮ ಕಾಣೂದಿಲ್ಲ. ಅವರದೇನ್ ನಜರ್ ಅಂತೀರಿ! ಒಂದ ಸಲಕ್ಕ ಹಾಕತಿದ್ರು."

ನಾನು ಎದ್ದು ಅಂಗಡಿಯ ಬಾಗಿಲು ಹಾಕಿದೆ.

ಮನೆಗೆ ಹೋಗಿ ಕೂಗಾಡಿದೆ. ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ನಿಮ್ಮಪ್ಪ ಮೋಸಗಾರ, ಆರು ತಿಂಗಳು ನನ್ನನ್ನು ಊರ ಮುಂದೆ ಕುಣಿಸಿದ, ದೇವರ ಹೆಸರಲ್ಲಿ ಸುಳ್ಳು ಹೇಳಿದ ಎಂದೆಲ್ಲ ಅಂದೆ. ಶಾಂತವ್ವ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು.

"ಹೌದ್ರಿ, ಸುಳ್ಳ ಹೇಳ್ಯಾನ. ಮುಂಗಾರಿ ಹೊಲಾ ಹರಗೂದ ಬಿಟ್ಟು, ಆರ ತಿಂಗಳ ಕುರುಡರಂಗ ನಿಮ್ಮ ಕೈ ಹಿಡಕೊಂಡ ಅಡ್ಡಾಡ್ಯಾನ. ನಮ್ಮಣ್ಣನ ಉಸಿರು ಹೆಚ್ಚಾಗಿದ್ದು ಅಪ್ಪಗ ಕೇಳಿಸಿತ್ತ್ರಿ. ದುಡಿಯೂ ಮಗಾ, ಪುರುಸೊತ್ತಿಲ್ಲದಾಂವ, ಏನ ಹೇಳೂದು ಅಂತ ಸುಮ್ಮ ಇದ್ದ. ಈಗ ಅದನ್ನ ನೆನಸಿ ನೆನಸಿ ಅಳ್ತಾನ. ನಿಮಗ ಹೇಳೂವಂಗಿಲ್ಲ, ಸುಮ್ಮ ಇರೂವಂಗೂ ಇಲ್ಲ. ಏನ ಮಾಡಬೇಕಾಗಿತ್ತ್ರಿ ಅಂವ?"

ಉತ್ತರವಿಲ್ಲದಾಗ ಮನುಷ್ಯ ಇನ್ನೂ ಹೆಚ್ಚು ಸಿಟ್ಟಾಗುತ್ತಾನೆ. ಹಟ ಹಿಡಿದು ಮರುದಿನ ಮಲಗಿಯೇ ಇರಬೇಕೆಂದು ತೀರ್ಮಾನಿಸಿದೆ. ಆದರೆ ಐದು ಗಂಟೆಗೆ ತಾನಾಗಿ ಎಚ್ಚರವಾಯಿತು. ಹೊರಳಾಡಿದೆ, ಕಾಲು ಜಡ್ಡುಗಟ್ಟಿದಂತಾಯಿತು. ಕೊನೆಗೆ ಹೆಂಡತಿಗೆ ಕಾಣದ ಹಾಗೆ ಹಿತ್ತಲ ಬಾಗಿಲಿನಿಂದ ಹೊರಬಿದ್ದು ಬಾವಿಯವರೆಗೆ ಹೋಗಿ ಬಂದೆ. ದಾರಿಯಲ್ಲಿ ಯಾರೂ ಎಲ್ಲಿಗೆ ಎಂದು ಕೇಳಲಿಲ್ಲ. "ಮಾವಾರು ಊರಿಗೆ ಹೋದ್ರೇನ್ರಿ?" ಎಂದಷ್ಟೇ ಕೇಳಿದರು. ಅಂಗಡಿಯ ಮೂರು ಮೆಟ್ಟಿಲು ಹತ್ತಿ ಒಳಗೆ ಹೋಗಿ ಕೂತ ಮೇಲೆ ನೆನಪಾಯಿತು, ಚೌಕಟ್ಟು ಹಿಡಿದು ನಿಲ್ಲುವುದನ್ನು ನಾನು ಯಾವಾಗಲೋ ಬಿಟ್ಟಿದ್ದೆ. ಅದನ್ನು ಯಾರಿಗೂ ಹೇಳಲಿಲ್ಲ. ಮಾವನಿಗಂತೂ ಹೇಳಲಿಲ್ಲ.

ನಡೆಯುವುದು ಉಳಿಯಿತು, ಸಿಟ್ಟೂ ಉಳಿಯಿತು. ನಾಲ್ಕೈದು ವರ್ಷ ಮಾವನ ಮುಖ ಕಂಡಾಗಲೆಲ್ಲ ನಮಸ್ಕಾರ ಹೇಳಿ ಪಕ್ಕಕ್ಕೆ ಸರಿದೆ. ಆಮೇಲೆ ಒಂದು ದಸರೆಯ ಹೊತ್ತಿಗೆ ಬಾಲಗಾಂವದಿಂದ ನನ್ನ ಕಿರಿಯ ಭಾವಮೈದುನನ ಕೈಬರಹದಲ್ಲಿ ಒಂದು ಕಾರ್ಡು ಬಂತು. ಅಪ್ಪನ ಕಣ್ಣು ಪೂರಾ ಹೋಗಿವೆ, ಅಳಿಯಂದಿರು ನಾಲ್ಕು ದಿನ ಬಂದು ತನ್ನನ್ನು ಬಾವಿಯವರೆಗೆ ನಡೆಸಿದರೆ ಚಲೋ ಆಗುತ್ತದೆ ಅನ್ನುತ್ತಾನೆ ಎಂದು ಬರೆದಿದ್ದ. ಓದಿ ನಾನು ನಕ್ಕೆ. ಅಂಗಡಿಯಲ್ಲಿ ಇದ್ದವರಿಗೆಲ್ಲ ಓದಿ ತೋರಿಸಿ ನಕ್ಕೆ. ಒಂದೇ ಆಟಕ್ಕೆ ಎರಡು ಸಲ ಬೀಳುವಷ್ಟು ಪೆದ್ದ ಎಂದು ತಿಳಿದಿದ್ದಾರೆ ಮುದುಕರು! ದೀಪಾವಳಿಯ ವ್ಯಾಪಾರ ತಲೆಯ ಮೇಲಿತ್ತು, ಪುರುಸೊತ್ತಿಲ್ಲ ಎಂದು ಬರೆದೆ. ದೀಪಾವಳಿ ಮುಗಿದ ಮೇಲೆ ಮತ್ತೊಂದು ಕಾರ್ಡು, ಎಳ್ಳಮಾಸೆಗೆ ಇನ್ನೊಂದು. ಸಂಕ್ರಾಂತಿಗೆ ಶಾಂತವ್ವ ಒಬ್ಬಳೇ ಹೊರಟು ನಿಂತಾಗ, ಜನ ಏನಂದಾರು ಎಂದು ಗೊಣಗುತ್ತ ನಾನೂ ಹೋದೆ.

ಬಾಲಗಾಂವದ ಮನೆಯ ಬಾಗಿಲಿಗೆ ಒಂದು ಹಗ್ಗ ಕಟ್ಟಿತ್ತು. ಅಂಗಳ ದಾಟಿ, ಕಣದ ಮಗ್ಗುಲಿಂದ, ಗೂಟದಿಂದ ಗೂಟಕ್ಕೆ ಹಾದು ಬಾವಿಯ ಕಟ್ಟೆಯವರೆಗೆ ಹೋಗಿತ್ತು. ಕೈ ತಾಗಿ ತಾಗಿ ನುಣುಪಾಗಿದ್ದ ಹಗ್ಗ. ಮಾವ ಪಡಸಾಲೆಯಲ್ಲಿ ಕೂತಿದ್ದರು. ಮಗಳ ದನಿ ಬಂದ ಕಡೆ ಮುಖ ಎತ್ತಿದರು. ಎರಡೂ ಕಣ್ಣು ಬೆಳ್ಳಗಾಗಿದ್ದವು. ನಾನು ಆ ಹಗ್ಗ ನೋಡಿದೆ, ಆ ಕಣ್ಣು ನೋಡಿದೆ. ಮೂರು ತಿಂಗಳು ಅಂಗಡಿಯಲ್ಲಿ ಕೂತು ನಕ್ಕ ನನ್ನ ಬಾಯಿಗೆ ಮಣ್ಣು ಹಾಕಬೇಕು ಅನ್ನಿಸಿತು.

ಮರುದಿನ ಮುಂಜಾನೆ ಹೋಗಿ ಅವರ ಕೈಯನ್ನು ನನ್ನ ಮಣಿಕಟ್ಟಿನ ಮೇಲೆ ಇಟ್ಟುಕೊಂಡೆ. ಇಬ್ಬರೂ ನಡೆದೆವು. ಈ ಸಲ ಅವರು ನಿಧಾನ ನಡೆದರು, ನನಗೆ ಅಳು ಬಂತು.

"ತಪ್ಪ ಆತ್ರಿ ಮಾವಾರ," ಅಂದೆ. "ಸುಳ್ಳ ಅಂತ ತಿಳದೆ."

ಮಾವ ನಕ್ಕರು. "ನಾ ಮೊದಲ ಹೇಳಿದ್ದು ಸುಳ್ಳನ ಇತ್ತಲ್ರಿ. ದಾನಮ್ಮ ಅದನ್ನ ಖರೇ ಮಾಡಿದ್ಲು. ಕಣ್ಣ ಕೇಳಿದ್ಲು, ಕೊಟ್ಟೆ. ಹೋಗ್ಲಿ ಬಿಡ್ರಿ."

ಬಾವಿಯ ಕಟ್ಟೆ ಮುಟ್ಟಿದೆವು. ನಾನು ಅವರನ್ನು ಕೂಡಿಸಿ, ಇನ್ನು ಮುಂದೆ ತಿಂಗಳಿಗೊಮ್ಮೆ ಬಂದು ನಡೆಸುತ್ತೇನೆ, ಆ ಹಗ್ಗ ಬಿಚ್ಚಿ ಹಾಕಿಸುತ್ತೇನೆ ಎಂದು ಆವೇಶದಿಂದ ಏನೇನೋ ಹೇಳುತ್ತಿದ್ದೆ. ಮಾವ ಕೈ ಎತ್ತಿ ಸುಮ್ಮನಿರಿಸಿದರು. ತಲೆ ಓರೆ ಮಾಡಿದರು. ಹಕ್ಕಿ ಯಾವುದೂ ಕೂಗುತ್ತಿರಲಿಲ್ಲ.

"ಹಗ್ಗ ಇರ್ಲಿ ಬಿಡ್ರಿ ಅಳಿಯಾರ, ಅದನ್ನ ಹಿಡಕೊಂಡ ನಾ ದಿನಾ ಹೋಗಿ ಬರ್ತೀನಿ. ನಡಸಾಕಂತ ನಿಮ್ಮನ್ನ ಕರಿಯಲಿಲ್ಲ. ನಿಮ್ಮ ಉಸಿರು ಕೇಳಬೇಕಾಗಿತ್ತು. ಕಾರ್ಡಿನ್ಯಾಗ ಅದನ್ನ ಹೆಂಗ ಬರಸೂದ್ರಿ?"

ಸ್ವಲ್ಪ ಹೊತ್ತು ಆಲಿಸಿದರು. ಆಮೇಲೆ, "ಚಲೋ ಐತಿ" ಅಂದರು. "ಭಾಳ ಚಲೋ ಐತಿ."

ಮುಂದಿನ ಬೇಸಿಗೆಯಲ್ಲಿ ಮಾವ ತೀರಿಕೊಂಡರು. ನನಗೆ ಈಗ ಎಪ್ಪತ್ತರ ಮೇಲಾಗಿದೆ. ಗುರಪ್ಪನ ವಯಸ್ಸಿನ ಎರಡರಷ್ಟು ಬದುಕಿದ್ದೇನೆ.

ಈಗ ನಮ್ಮ ಮನೆ ಅಂಗಡಿಯ ಮೇಲೆಯೇ ಇದೆ; ಇದನ್ನು ಬರೆಯುತ್ತ ಕೂತಾಗಲೇ ಮಗ ಅಂಗಡಿಯಿಂದ ಮೇಲೆ ಬಂದ. ಅವನು ಬರುವುದು ದಿನಾಲೂ ಕೇಳಿಸುತ್ತದೆ, ಇಂದು ಲೇಖನಿ ಕೆಳಗಿಟ್ಟು ಕೇಳಿದೆ. ಹದಿನಾರು ಮೆಟ್ಟಿಲು. ಹತ್ತನೆಯದರಲ್ಲಿ ನಿಂತ. ಮತ್ತೆ ಹತ್ತಿ, ಬಾಗಿಲಲ್ಲಿ ನಿಂತ. ಬಾಯಿಯಿಂದ ಉಸಿರಾಡುತ್ತಿದ್ದ. ಇಷ್ಟು ದಿನ ಇದು ನನ್ನ ಕಿವಿಗೆ ಯಾಕೆ ಬೀಳಲಿಲ್ಲ? ಅವನ ಮೇಲೆ ಬಂದ ಸಿಟ್ಟಿಗಿಂತ ನನ್ನ ಮೇಲೆ ಬಂದದ್ದು ಹೆಚ್ಚು. ಒಂದು ಕ್ಷಣ ಮಾವನ ಹಾದಿಯನ್ನೇ ಹಿಡಿಯೋಣವೇ ಅನ್ನಿಸಿತು, ಕಣ್ಣು ಮಂಜಾಗಿವೆ ಅನ್ನಬಹುದಿತ್ತು, ಈ ವಯಸ್ಸಿಗೆ ಯಾರೂ ಸುಳ್ಳೆನ್ನುವುದಿಲ್ಲ. ಆದರೆ ಮಾವನಿಗೆ ಇದ್ದ ಸಂಕೋಚ ನನಗೇಕೆ? ಇವನು ಅಳಿಯನಲ್ಲ, ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗ.

"ನಾಳೆ ಮುಂಜಾನಿ ಐದಕ್ಕ ಏಳು," ಅಂದೆ. "ನನ್ನ ಜೋಡಿ ನಡಿ."

"ಯಾಕಪ್ಪಾ, ಕಣ್ಣ ಕಾಣಾಕತ್ತಿಲ್ಲೇನು?"

"ಕಣ್ಣ ಚಲೋ ಅದಾವ. ನಿನ್ನ ಉಸಿರು ಕೇಳಿ ನನಗ ಅಂಜಿಕಿ ಬಂದೈತಿ."

ಪುರುಸೊತ್ತಿಲ್ಲ ಎಂದು ಹೇಳಲು ಅವನು ಬಾಯಿ ತೆರೆದ. ನನ್ನ ಮುಖ ನೋಡಿದ. ಹೇಳಲಿಲ್ಲ.